ಗೇಟಿನ ಹೊರಗೆ ಮುಷ್ಕರ, ಒಳಗೆ ನಮ್ಮವರು

ಮುಷ್ಕರದ ಮೊದಲ ವಾರ ಎಲ್ಲರೂ ಕಾರ್ಮಿಕರ ಪರ. ಬೇಡಿಕೆಗಳ ಪಟ್ಟಿ ಹಂಚುತ್ತಾರೆ, ಮನವಿಗೆ ಸಹಿ ಹಾಕುತ್ತಾರೆ, ಧರಣಿ ಕೂತವರ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಎರಡನೇ ವಾರಕ್ಕೆ ಮಾತಿನ ಧಾಟಿ ಬದಲಾಗುತ್ತದೆ. 'ಅವರ ಬೇಡಿಕೆ ನ್ಯಾಯವಾದದ್ದೇ, ಆದ್ರೆ ನಮ್ಮ ಮಕ್ಕಳ ಪರೀಕ್ಷೆ?' 'ಸಂಬಳ ಜಾಸ್ತಿ ಸಿಗಲಿ ಪಾಪ, ಆದ್ರೆ ನಮ್ಮ ರೋಗಿಗಳು ಎಲ್ಲಿಗೆ ಹೋಗಬೇಕು?' ಮೂರನೇ ವಾರ ಮುಗಿಯುವಷ್ಟರಲ್ಲಿ ಮುಷ್ಕರದವರೇ ತಪ್ಪಿತಸ್ಥರು.

ಈ ಮಾತನ್ನು ಬರೀ ಸ್ವಾರ್ಥ ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ಕಿರಿಕಿರಿಯಾಗುತ್ತದೆ. ಪರೀಕ್ಷೆಯೂ ನಿಜ, ರೋಗಿಯೂ ನಿಜ. ಆದರೆ ಅದೇ ಮಾತನ್ನು ಗುರಾಣಿ ಮಾಡಿಕೊಂಡು, ತಮಗೆ ಆಗುವ ಸಣ್ಣ ಅನಾನುಕೂಲವನ್ನೆಲ್ಲ 'ನಮ್ಮವರ ಕಷ್ಟ' ಅಂತ ದೊಡ್ಡದು ಮಾಡುವವರನ್ನು ಕಂಡರೆ ಇನ್ನೂ ಜಾಸ್ತಿ ಕಿರಿಕಿರಿ. ಈ ಎರಡರ ನಡುವೆ ನಿಲ್ಲುವುದು ಹೇಗೆ ಅಂತ ಕೆಲವು ವರ್ಷಗಳಿಂದ ಯೋಚಿಸುತ್ತಾ ಬಂದಿದ್ದೇನೆ. ಸಿದ್ಧಾಂತಕ್ಕಾಗಿ ಅಲ್ಲ, ಒಮ್ಮೆ ತೀರ್ಮಾನ ಮಾಡಲೇಬೇಕಾದ ಜಾಗದಲ್ಲಿ ನಾನು ಸಿಕ್ಕಿಕೊಂಡಿದ್ದೆ. ಆ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ಒಂದು ಸಣ್ಣ ವಿಷಯ. ಮುಷ್ಕರಕ್ಕೆ ಬೆಂಬಲ ಅಂದರೆ ಏನು ಮಾಡಬೇಕು ಅನ್ನುವುದನ್ನು ತೀರ್ಮಾನಿಸುವವರು ಯಾರು? ನಾವಲ್ಲ, ಮುಷ್ಕರ ಹೂಡಿದವರು. ಇದು ಎಲ್ಲರಿಗೂ ಗೊತ್ತಿರುವ ಮಾತಿನ ಹಾಗೆ ಕಾಣುತ್ತದೆ. ಆದರೆ ಅವರನ್ನು ಕೇಳುವವರು ತೀರಾ ಕಡಿಮೆ. ನಾವೇ ಮನೆಯಲ್ಲಿ ಕೂತು ಕಠಿಣ ವ್ರತವೊಂದನ್ನು ಊಹಿಸಿಕೊಳ್ಳುತ್ತೇವೆ. ಅದನ್ನು ಪಾಲಿಸಲು ಆಗುವುದಿಲ್ಲ ಅಂತ ಸಂಕಟ ಪಡುತ್ತೇವೆ. ಕೊನೆಗೆ ಏನೂ ಮಾಡದೆ ಸುಮ್ನೆ ಇರುತ್ತೇವೆ.

2024ರ ನವೆಂಬರ್ 4ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ತಂತ್ರಜ್ಞರ ಯೂನಿಯನ್ ಮುಷ್ಕರ ಶುರು ಮಾಡಿತು. ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹಿಂದಿನ ದಿನ ಅದು. ಅವರು ಓದುಗರನ್ನು ಕೇಳಿದ್ದೇನು? ಪತ್ರಿಕೆಯ ಆಟಗಳನ್ನು ಆಡಬೇಡಿ, ಅಡುಗೆಯ ಆ್ಯಪ್ ತೆರೆಯಬೇಡಿ. ಅಷ್ಟೇ. ವರ್ಡ್ಲ್ ಅನ್ನುವ ಅವರ ಪದದಾಟ ಆಡುವುದನ್ನು ಕೆಲವು ದಿನ ಬಿಡುವುದು ದೊಡ್ಡ ತ್ಯಾಗವೇನಲ್ಲ. ಆದರೆ ಕಂಪನಿಗೆ ಅದು ತಾಗುವ ಜಾಗ. ಅದಕ್ಕೆ ತೀರಾ ಹಿಂದಿನ ವರ್ಷ, 2023ರಲ್ಲಿ, ಹಾಲಿವುಡ್‌ನ ಬರಹಗಾರರು 148 ದಿನ, ನಟರು 118 ದಿನ ಮುಷ್ಕರ ಮಾಡಿದರು. ಆಗ ಎಷ್ಟೋ ಅಭಿಮಾನಿಗಳು ಸಿನಿಮಾ ನೋಡುವುದನ್ನೇ ಬಿಡಬೇಕು ಅಂದುಕೊಂಡಿದ್ದರು. ಸಂಘಗಳು ಪ್ರೇಕ್ಷಕರನ್ನು ಅಂಥ ಬಹಿಷ್ಕಾರ ಕೇಳಿರಲೇ ಇಲ್ಲ. ಆ ಜುಲೈನಲ್ಲಿ ಸ್ಯಾನ್ ಡಿಯಾಗೋದ ಕಾಮಿಕ್-ಕಾನ್, ಅಂದರೆ ಸಿನಿಮಾ, ಕಾಮಿಕ್ಸ್ ಅಭಿಮಾನಿಗಳ ದೊಡ್ಡ ಮೇಳ, ನಡೆದೇ ನಡೆಯಿತು. ದೊಡ್ಡ ತಾರೆಯರು ವೇದಿಕೆ ಹತ್ತಲಿಲ್ಲ, ಅಭಿಮಾನಿಗಳು ತಮ್ಮ ಪಾಡಿಗೆ ಸೇರಿ ಸಂಭ್ರಮಿಸಿದರು.

ಕ್ಯಾಲಿಫೋರ್ನಿಯಾದ ಡೆಲಾನೋದ ದ್ರಾಕ್ಷಿ ತೋಟದವರು ಮಾತ್ರ 1960ರ ದಶಕದಲ್ಲಿ ಬೇರೆಯದನ್ನೇ ಕೇಳಿದರು. ದ್ರಾಕ್ಷಿಯನ್ನೇ ಕೊಳ್ಳಬೇಡಿ ಅಂದರು. ಜನ ಕೊಳ್ಳಲಿಲ್ಲ. 1970ರಲ್ಲಿ ತೋಟದ ಮಾಲೀಕರು ಒಪ್ಪಂದಕ್ಕೆ ಸಹಿ ಹಾಕಿದರು.

ಕೇಳಿದರೆ ಗೊತ್ತಾಗುವ ಇನ್ನೊಂದು ಸಂಗತಿ ಇದೆ. ಸುತ್ತಲಿನ ಜನರ ಬಗ್ಗೆ ನಮಗಿಂತ ಮೊದಲೇ ಮುಷ್ಕರದವರು ಯೋಚಿಸಿರುತ್ತಾರೆ. 1919ರ ಫೆಬ್ರವರಿಯಲ್ಲಿ ಸಿಯಾಟಲ್ ನಗರದಲ್ಲಿ ಸುಮಾರು 65,000 ಕಾರ್ಮಿಕರು ಒಟ್ಟಿಗೆ ಕೆಲಸ ನಿಲ್ಲಿಸಿದರು. ಇಡೀ ನಗರ ಸ್ತಬ್ಧ. ಆದರೆ ಮುಷ್ಕರ ಸಮಿತಿಯೇ ಕೂತು ಒಂದೊಂದು ಕೆಲಸಕ್ಕೂ ವಿನಾಯಿತಿ ಕೊಡಬೇಕೋ ಬೇಡವೋ ಅಂತ ವಿಚಾರ ಮಾಡಿತು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ನಡೆಯಲಿ ಅಂದಿತು. ಮಕ್ಕಳಿಗೆ ಹಾಲು ಸಿಗುವ ಹಾಗೆ ಬಡಾವಣೆಗಳಲ್ಲಿ ಹಾಲಿನ ಕೇಂದ್ರ ತೆರೆಯಿತು. ದಿನಕ್ಕೆ ಸಾವಿರಾರು ಊಟ ಬೇಯಿಸಿ ಬಡಿಸಿತು. ಬ್ರಿಟನ್ನಿನ ದಾದಿಯರ ಸಂಘ 2022ರ ಡಿಸೆಂಬರ್‌ನಲ್ಲಿ ತನ್ನ 106 ವರ್ಷಗಳ ಇತಿಹಾಸದಲ್ಲೇ ಅತಿ ದೊಡ್ಡ ಮುಷ್ಕರ ಮಾಡಿದಾಗಲೂ ಕೀಮೋಥೆರಪಿ, ಡಯಾಲಿಸಿಸ್, ತೀವ್ರ ನಿಗಾ ಘಟಕಗಳನ್ನು ಹೊರಗಿಟ್ಟಿತ್ತು. 'ಆದ್ರೆ ರೋಗಿಗಳು?' ಅನ್ನುವ ಪ್ರಶ್ನೆಯನ್ನು ದಾದಿಯರಿಗೇ ಕೇಳುವುದು, ಅವರಿಗೆ ಅದು ಹೊಳೆದೇ ಇಲ್ಲವೇನೋ ಅನ್ನುವ ಹಾಗೆ, ನನಗೆ ಯಾವಾಗಲೂ ತಮಾಷೆಯಾಗಿ ಕಾಣುತ್ತದೆ.

ಇಷ್ಟೇ ಆಗಿದ್ದರೆ ಈ ಬರಹ ಬೇಕಿರಲಿಲ್ಲ. ಕೇಳಿ, ಅವರು ಹೇಳಿದ್ದನ್ನು ಮಾಡಿ, ಮುಗಿಯಿತು. ಆದರೆ ಕೆಲವೊಮ್ಮೆ ಮುಷ್ಕರದವರು ಕೇಳುವುದು ನಮ್ಮವರ ಬುಡಕ್ಕೇ ಬರುತ್ತದೆ. ಆಗ ಏನು ಮಾಡಬೇಕು?

ಇದನ್ನು ಯೋಚಿಸುವಾಗೆಲ್ಲ ನನಗೆ ನೆನಪಾಗುವ ಹೆಸರು ಬೇಯರ್ಡ್ ರಸ್ಟಿನ್. 1963ರಲ್ಲಿ ವಾಷಿಂಗ್ಟನ್ ನಗರದಲ್ಲಿ ನಡೆದ ಕಪ್ಪು ಜನರ ಹಕ್ಕುಗಳ ಮಹಾ ಮೆರವಣಿಗೆಯನ್ನು ಸಂಘಟಿಸಿದ ಮನುಷ್ಯ. ಮರುವರ್ಷ ಫೆಬ್ರವರಿಯಲ್ಲಿ ಅವರೇ ನ್ಯೂಯಾರ್ಕ್‌ನಲ್ಲಿ ಇನ್ನೊಂದು ಕೆಲಸಕ್ಕೆ ಕೈ ಹಾಕಿದರು. ಕಪ್ಪು ಮಕ್ಕಳನ್ನು ಬೇರೆ ಶಾಲೆಗಳಲ್ಲಿ, ಕೆಟ್ಟ ಶಾಲೆಗಳಲ್ಲಿ ಇಟ್ಟಿರುವುದರ ವಿರುದ್ಧ ಒಂದು ದಿನದ ಶಾಲಾ ಬಹಿಷ್ಕಾರ. ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಅಂದು ಶಾಲೆಗೆ ಹೋಗಲಿಲ್ಲ. ಶಿಕ್ಷಕರ ಯೂನಿಯನ್ ಮಾತ್ರ ಸಂಘಟನೆಯಾಗಿ ಆ ಬಹಿಷ್ಕಾರಕ್ಕೆ ಸೇರಲಿಲ್ಲ. ಈ ವಿಷಯ ನೆನಪಿರಲಿ.

ವರ್ಷಗಳು ಕಳೆದವು. ಶಾಲೆಗಳು ಬದಲಾಗಲಿಲ್ಲ. ಕಪ್ಪು ಪೋಷಕರು, 'ನಮ್ಮ ಮಕ್ಕಳ ಶಾಲೆಯನ್ನು ನಾವೇ ನಡೆಸುತ್ತೇವೆ' ಅಂದರು. ಬ್ರೂಕ್ಲಿನ್‌ನ ಓಷನ್ ಹಿಲ್–ಬ್ರೌನ್ಸ್‌ವಿಲ್ ಅನ್ನುವ ಬಡ ಪ್ರದೇಶದಲ್ಲಿ ಪ್ರಯೋಗಕ್ಕೆ ಅಂತ ಒಂದು ಸ್ಥಳೀಯ ಶಾಲಾ ಮಂಡಳಿ ಬಂತು. 1968ರ ಮೇ ತಿಂಗಳಲ್ಲಿ ಆ ಮಂಡಳಿ 19 ಮಂದಿ ಶಿಕ್ಷಕರು ಮತ್ತು ಮೇಲ್ವಿಚಾರಕರಿಗೆ, ನೀವು ಇಲ್ಲಿ ಬೇಡ, ಕೇಂದ್ರ ಕಚೇರಿಗೆ ಹೋಗಿ ಅಂತ ಪತ್ರ ಕೊಟ್ಟಿತು. ಅವರಲ್ಲಿ ಹೆಚ್ಚಿನವರು ಬಿಳಿಯರು, ಹಲವರು ಯಹೂದಿಗಳು. ವಿಚಾರಣೆ ಇಲ್ಲದೆ ಯಾರನ್ನೂ ಹಾಗೆ ಕಳಿಸುವಂತಿಲ್ಲ ಅಂತ ಯೂನಿಯನ್ ಹಟ ಹಿಡಿಯಿತು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮೂರು ಸಲ ಮುಷ್ಕರ ನಡೆಯಿತು. ನಗರದ ಹತ್ತು ಲಕ್ಷ ಮಕ್ಕಳಿಗೆ ಒಟ್ಟು 36 ಶಾಲಾ ದಿನ ತಪ್ಪಿತು.

ಈಗ ನೀವು ಅಲ್ಲಿಯ ಕಪ್ಪು ಶಿಕ್ಷಕಿ ಅಂದುಕೊಳ್ಳಿ. ಯೂನಿಯನ್ ಸದಸ್ಯೆ. ಗೇಟಿನ ಹೊರಗೆ ನಿಮ್ಮ ಸಹೋದ್ಯೋಗಿಗಳು ಬೋರ್ಡು ಹಿಡಿದು ನಿಂತಿದ್ದಾರೆ. ಗೇಟಿನ ಒಳಗೆ ನಿಮ್ಮ ಪಕ್ಕದ ಮನೆಯವರ ಮಕ್ಕಳು ಕೂತಿದ್ದಾರೆ. ಆ ಪೋಷಕರಿಗೆ ಜೀವನದಲ್ಲಿ ಮೊದಲ ಸಲ ಶಾಲೆಯ ಮೇಲೆ ಒಂದಿಷ್ಟು ಹಿಡಿತ ಸಿಕ್ಕಿದೆ. ಒಳಗೆ ಹೋಗುತ್ತೀರಾ, ಹೊರಗೆ ನಿಲ್ಲುತ್ತೀರಾ? ಅನೇಕ ಕಪ್ಪು ಶಿಕ್ಷಕರು ಒಳಗೆ ಹೋದರು. ಓಷನ್ ಹಿಲ್–ಬ್ರೌನ್ಸ್‌ವಿಲ್‌ನ ಶಾಲೆಗಳು ಮುಷ್ಕರದ ನಡುವೆಯೂ ನಡೆದವು. ಒಳಗೆ ಪಾಠ ಮಾಡಿದವರಲ್ಲಿ ಬಿಳಿಯ ಶಿಕ್ಷಕರೂ ಬೇಕಾದಷ್ಟು ಮಂದಿ ಇದ್ದರು.

ರಸ್ಟಿನ್ ಹೊರಗೆ ನಿಂತವರ ಪರ ಹೋದರು. ಬಹಿರಂಗವಾಗಿ ಯೂನಿಯನ್ನಿಗೆ ಬೆಂಬಲ ಕೊಟ್ಟರು. ರೈಲ್ವೆಯ ಕಪ್ಪು ಪೋರ್ಟರುಗಳ ಯೂನಿಯನ್ ಕಟ್ಟಿದ್ದ ಎ. ಫಿಲಿಪ್ ರಾಂಡಾಲ್ಫ್ ಕೂಡ. ಇವತ್ತು ವಿಚಾರಣೆ ಇಲ್ಲದೆ ಬಿಳಿ ಶಿಕ್ಷಕರನ್ನು ಎತ್ತಿ ಹಾಕಬಹುದು ಅಂತ ಒಪ್ಪಿಕೊಂಡರೆ, ನಾಳೆ ಆ ನಿಯಮ ಮೊದಲು ಬಂದು ಬೀಳುವುದು ಕಪ್ಪು ಕೆಲಸಗಾರರ ತಲೆಯ ಮೇಲೆ. ಅವರ ತರ್ಕ ಇದು. ಕಾಗದದ ಮೇಲೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಅವರ ಜನರಲ್ಲೇ ಅನೇಕರು 'ಇವರು ತಮ್ಮನ್ನೇ ಮಾರಿಕೊಂಡವರು' ಅಂದರು. ಆ ಗಾಯ ಮಾಯಲಿಲ್ಲ. ಯೂನಿಯನ್ ಗೆದ್ದಿತು, ಶಿಕ್ಷಕರು ಹಿಂದಿರುಗಿದರು, ಪ್ರಯೋಗದ ಮಂಡಳಿ ಹೆಚ್ಚು ಕಾಲ ಉಳಿಯಲಿಲ್ಲ. ಕಪ್ಪು ಜನರು ಮತ್ತು ಯಹೂದಿಗಳ ನಡುವೆ ಆ ನಗರದಲ್ಲಿ ಬಿದ್ದ ಬಿರುಕು ದಶಕಗಳ ಕಾಲ ಉಳಿಯಿತು.

ಯಾರು ಸರಿ? ಹಲವು ಸಲ ಓದಿದ ಮೇಲೆ ನನ್ನ ಅನಿಸಿಕೆ ಇಷ್ಟು. 1968ರ ಸೆಪ್ಟೆಂಬರ್‌ನಲ್ಲಿ ಯಾರಿಗೂ ಒಳ್ಳೆಯ ಆಯ್ಕೆ ಉಳಿದಿರಲಿಲ್ಲ. ಅದು ಕೈಜಾರಿದ್ದು 1964ರಲ್ಲೇ. ಅಂದು ಪೋಷಕರು ಕರೆದಾಗ ಯೂನಿಯನ್ ಬಂದಿದ್ದರೆ, ನಾಲ್ಕು ವರ್ಷದ ನಂತರ ಯೂನಿಯನ್ ಕರೆದಾಗ ಪೋಷಕರು ಅದನ್ನು ಹಗೆಯ ಹಾಗೆ ನೋಡುತ್ತಿರಲಿಲ್ಲವೇನೋ. ರಸ್ಟಿನ್ ತರ್ಕ ಸರಿಯಿದ್ದೂ ಸೋತದ್ದು ಇಲ್ಲೇ ಅನ್ನಿಸುತ್ತದೆ. ನಿನ್ನೆ ಬಾರದವರ ಪರವಾಗಿ ಅವರು ಇವತ್ತು ತಮ್ಮ ಜನರನ್ನು ಕೇಳಬೇಕಾಯಿತು.

ಇದಕ್ಕೆ ಉಲ್ಟಾ ಉದಾಹರಣೆ ಶಿಕಾಗೋ. ಅಲ್ಲಿಯ ಶಿಕ್ಷಕರ ಯೂನಿಯನ್ 2010ರಲ್ಲಿ ಕ್ಯಾರೆನ್ ಲೂಯಿಸ್ ಅವರನ್ನು ಅಧ್ಯಕ್ಷೆಯಾಗಿ ಆರಿಸಿತು. ಅವರ ಬಣದವರು ಅದಕ್ಕೂ ಮೊದಲೇ ಬಡ ಬಡಾವಣೆಗಳ ಶಾಲೆ ಮುಚ್ಚುವುದರ ವಿರುದ್ಧ ಪೋಷಕರ ಜೊತೆ ಸಭೆ ಸಭೆಗೂ ಹೋಗಿ ಕೂತವರು. 2012ರಲ್ಲಿ ಯೂನಿಯನ್ ಹೊರತಂದ ವರದಿಯಲ್ಲಿ ಸಂಬಳದ ಮಾತಿಗಿಂತ ತರಗತಿಯಲ್ಲಿ ಮಕ್ಕಳ ಸಂಖ್ಯೆ, ಸಂಗೀತ, ಚಿತ್ರಕಲೆ, ಗ್ರಂಥಾಲಯ, ಶಾಲೆಯಲ್ಲಿ ದಾದಿಯರ ಕೊರತೆ, ಇವೇ ಮುಂದಿದ್ದವು. ಅದೇ ಸೆಪ್ಟೆಂಬರ್‌ನಲ್ಲಿ ಸುಮಾರು 26,000 ಮಂದಿ ಕೆಲಸ ನಿಲ್ಲಿಸಿದರು. ಏಳು ಶಾಲಾ ದಿನ ತಪ್ಪಿತು. ಮಕ್ಕಳನ್ನು ಎಲ್ಲಿ ಬಿಡುವುದು ಅಂತ ಪೋಷಕರು ಪರದಾಡಿದ್ದು ನಿಜ. ಆದರೂ ಬಹಳಷ್ಟು ಪೋಷಕರು ಶಿಕ್ಷಕರ ಜೊತೆ ಬೀದಿಯಲ್ಲಿ ನಡೆದರು. ಮುಷ್ಕರದ ದಿನಕ್ಕೆ ಬೇಕಾದ ನಂಬಿಕೆಯನ್ನು ಅವತ್ತೇ ಹುಟ್ಟಿಸಲು ಆಗುವುದಿಲ್ಲ ಅಲ್ವಾ?

ಮೇಲೆ ಹೇಳಿದ ಡೆಲಾನೋ ಕಥೆಯಲ್ಲೂ ಹೀಗೊಂದು ಇಕ್ಕಟ್ಟು ಇದೆ. ಅದನ್ನು ಹೇಳುವವರು ಕಡಿಮೆ. 1965ರ ಸೆಪ್ಟೆಂಬರ್ 8ರಂದು ದ್ರಾಕ್ಷಿ ತೋಟದಿಂದ ಮೊದಲು ಹೊರಬಂದವರು ಫಿಲಿಪಿನೋ ಕೂಲಿಗಳು. ಅವರ ಮುಂದಾಳು ಲ್ಯಾರಿ ಇಟ್ಲಿಯಾಂಗ್. ಫಿಲಿಪಿನೋಗಳು ಕೆಲಸ ನಿಲ್ಲಿಸಿದರೆ ಮೆಕ್ಸಿಕನ್ನರನ್ನು ತರುವುದು, ಮೆಕ್ಸಿಕನ್ನರು ನಿಲ್ಲಿಸಿದರೆ ಫಿಲಿಪಿನೋಗಳನ್ನು ತರುವುದು ಮಾಲೀಕರ ಹಳೆಯ ಚಾಳಿ. ಅಲ್ಲಿ ತೋಟದ ಕೂಲಿಗಳ ಇನ್ನೊಂದು ಸಂಘ ಇತ್ತು, ಅದರ ಮುಂದಾಳು ಸೀಸರ್ ಚಾವೆಜ್. ಅದರಲ್ಲಿ ಇದ್ದವರು ಹೆಚ್ಚಾಗಿ ಮೆಕ್ಸಿಕನ್ ಮೂಲದ ಕುಟುಂಬಗಳು. ಸಂಘ ಇನ್ನೂ ಎಳೆಯದು, ಕೈಯಲ್ಲಿ ಹಣವಿಲ್ಲ. ಮುಷ್ಕರಕ್ಕೆ ಇನ್ನೂ ಕೆಲವು ವರ್ಷ ಬೇಕು ಅನ್ನುವುದು ಅವರ ಲೆಕ್ಕ. ತನ್ನವರನ್ನು ಕಾಪಾಡಬೇಕು ಅಂದರೆ 'ಈಗ ಬೇಡ' ಅನ್ನಬೇಕಿತ್ತು. ಆದರೆ ಅವರು ಸೆಪ್ಟೆಂಬರ್ 16ರಂದು ಚರ್ಚಿನ ಸಭಾಂಗಣದಲ್ಲಿ ಎಲ್ಲರನ್ನೂ ಸೇರಿಸಿ ಅವರನ್ನೇ ಕೇಳಿದರು. ಜನ ಮುಷ್ಕರಕ್ಕೆ ಒಪ್ಪಿದರು. ಮುಂದೆ ಎರಡೂ ಸಂಘ ಒಂದಾದವು, ಐದು ವರ್ಷಕ್ಕೆ ಗೆದ್ದವು. ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಒಂದಾದ ಸಂಘದಲ್ಲಿ ಫಿಲಿಪಿನೋಗಳು ಮೂಲೆಗೆ ಸರಿದರು. 1971ರಲ್ಲಿ ಇಟ್ಲಿಯಾಂಗ್ ರಾಜೀನಾಮೆ ಕೊಟ್ಟು ಹೊರಬಂದರು. ಇನ್ನೊಬ್ಬರ ಜೊತೆ ಕೈ ಜೋಡಿಸುವಾಗ ತನ್ನವರ ದನಿ ಉಳಿಯುತ್ತದೆಯೇ ಅಂತ ಹೆದರುವವರನ್ನು ಸಂಕುಚಿತ ಮನಸ್ಸಿನವರು ಅಂತ ಬೈಯುವ ಮೊದಲು ಇದೂ ಗೊತ್ತಿರಬೇಕು.

ಮುಷ್ಕರ ಅಂದ ತಕ್ಷಣ ಕೈ ಮುಗಿಯಬೇಕು ಅಂತಲೂ ನಾನು ಹೇಳುತ್ತಿಲ್ಲ. 1944ರ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾದ ಟ್ರಾಮ್ ನೌಕರರು ನಗರವನ್ನೇ ನಿಲ್ಲಿಸಿದರು. ಕಾರಣ? ಎಂಟು ಮಂದಿ ಕಪ್ಪು ನೌಕರರಿಗೆ ಟ್ರಾಮ್ ಓಡಿಸುವ ತರಬೇತಿ ಕೊಡಲು ಹೊರಟಿದ್ದರು. ಅದನ್ನು ಮುರಿಯಲು ಸೈನ್ಯ ಬರಬೇಕಾಯಿತು. ನಮ್ಮವರನ್ನು ಹೊರಗಿಡಲೆಂದೇ ನಡೆಯುವ ಮುಷ್ಕರಕ್ಕೆ ನಾವು ಏನೂ ಬಾಕಿ ಉಳಿಸಿಕೊಂಡಿಲ್ಲ. ಇಂಥವು ಅಪರೂಪ. ಅಪರೂಪವಾದ್ದನ್ನು ಮುಂದಿಟ್ಟು ಉಳಿದ ಎಲ್ಲ ಮುಷ್ಕರದಿಂದ ನುಣುಚಿಕೊಳ್ಳುವವರೂ ಇದ್ದಾರೆ ಬಿಡಿ.

ಇನ್ನು ನನ್ನ ಕಥೆ. ನಾನಿರುವ ಪುಟ್ಟ ಬಳಗವೊಂದು ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳುತ್ತದೆ, ಧ್ವನಿಮುದ್ರಿಸಿ ಕೊಡುತ್ತದೆ. ವರ್ಷಕ್ಕೊಮ್ಮೆ ಎಲ್ಲರೂ ಒಂದು ಕಡೆ ಸೇರುತ್ತೇವೆ. ಯಾವಾಗಲೂ ಅದೇ ಕಟ್ಟಡ. ಯಾಕೆಂದರೆ ನಮ್ಮ ಸದಸ್ಯರಿಗೆ ಅದರ ಮೆಟ್ಟಿಲು, ತಿರುವು, ಶೌಚಾಲಯ ಎಲ್ಲ ಕಾಲಿಗೇ ಗೊತ್ತು. ಒಂದು ವರ್ಷ ಕೂಟಕ್ಕೆ ಇನ್ನೇನು ಸ್ವಲ್ಪ ದಿನ ಇರುವಾಗ ಅಲ್ಲಿಯ ಸ್ವಚ್ಛತೆ ಮತ್ತು ಅಡುಗೆ ಕೆಲಸದವರು ಮುಷ್ಕರ ಹೂಡಿದರು. ಎಲ್ಲರೂ ಗುತ್ತಿಗೆ ಕೆಲಸಗಾರರು. ಸಂಬಳ ತಿಂಗಳುಗಟ್ಟಲೆ ತಡ, ರಜೆ ಹಾಕಿದರೆ ಕೆಲಸವೇ ಹೋಗುತ್ತಿತ್ತು.

ಸ್ವಯಂಸೇವಕರ ಸಭೆ ಸೇರಿತು. ನಮ್ಮಲ್ಲಿ ಹೆಚ್ಚಿನವರ ಮಾತು ಒಂದೇ: 'ನಾವಾದರೆ ಎಲ್ಲಿ ಬೇಕಾದರೂ ಸೇರಬಹುದು. ಪಾಪ, ನಮ್ಮವರಿಗೆ ಹೊಸ ಜಾಗ ಕಷ್ಟ.' ಹೀಗೆ ಹೇಳುತ್ತಿದ್ದವರೆಲ್ಲ ಕಣ್ಣು ಕಾಣುವವರು. ಹೊಸ ಜಾಗ ಹುಡುಕುವ ಓಡಾಟ ಯಾರ ತಲೆಗೆ ಬರುತ್ತಿತ್ತು? ಅವರ ತಲೆಗೇ. ಆ 'ಪಾಪ'ದಲ್ಲಿ ಎಷ್ಟು ಕಾಳಜಿ, ಎಷ್ಟು ಸೋಮಾರಿತನ ಅಂತ ಬಿಡಿಸಿ ಹೇಳುವುದು ನನಗೆ ಇವತ್ತಿಗೂ ಆಗುವುದಿಲ್ಲ.

ನಾವಿಬ್ಬರು ಹೋಗಿ ಧರಣಿ ಕೂತವರ ಹತ್ತಿರ ಮಾತಾಡಿದೆವು. ಬೇರೆ ಬಾಗಿಲಿಂದ ಹೋಗಿ ಅಂತಲೋ, ನಮ್ಮ ಬದಲು ಬಂದವರ ಕೈಲಿ ಕೆಲಸ ಮಾಡಿಸಬೇಡಿ ಸಾಕು ಅಂತಲೋ ಹೇಳುತ್ತಾರೆ ಅನ್ನುವ ಆಸೆ ಇತ್ತು. ಅವರ ಮುಂದಾಳು ಸ್ವಲ್ಪ ವಯಸ್ಸಾದ ಹೆಂಗಸು. ನೇರವಾಗಿ ಹೇಳಿದರು: 'ನಿಮ್ಮೋರು ಪ್ರತಿ ವರ್ಷ ಬರೋದು ನಮಗೂ ಗೊತ್ತು. ಕೈ ಹಿಡ್ಕೊಂಡು ಮೆಟ್ಲು ಹತ್ಸಿದೀವಿ. ಆದ್ರೂ ಈ ಸಲ ಒಳಗೆ ಹೋಗ್ಬೇಡಿ. ಆವತ್ತು ಹಾಲ್ ಖಾಲಿ ಇದ್ರೆ ಮಾತ್ರ ಅವರು ನಮ್ಮನ್ನ ಕರ್ದು ಮಾತಾಡ್ತಾರೆ.'

ಕೇಳದೇ ಇದ್ದಿದ್ದರೆ ಎಷ್ಟು ಸುಲಭವಾಗಿತ್ತು.

ಹಿಂದಿರುಗಿ ಬಂದು ಸದಸ್ಯರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆವು. ಮುಷ್ಕರ ಯಾಕೆ, ಅವರು ಕೇಳಿದ್ದೇನು, ಜಾಗ ಬದಲಾದರೆ ಆಗುವ ತೊಂದರೆ ಏನು, ಎಲ್ಲ ಹೇಳಿ ಅಭಿಪ್ರಾಯ ಕೇಳಿದೆವು. ಬಹಳಷ್ಟು ಜನ ನಮ್ಮ 'ಪಾಪ'ವನ್ನು ನಕ್ಕು ತಳ್ಳಿದರು. 'ಹೊಸ ಜಾಗ ನಮಗೇನು ಹೊಸದಾ? ದಿನಾ ಹೊಸ ಜಾಗನೇ. ಹಿಂದಿನ ದಿನ ಯಾರಾದ್ರೂ ಒಂದು ಸುತ್ತು ಓಡಾಡಿಸಿ, ಸಾಕು' ಅಂದರು. ಆದರೆ ಇತ್ತೀಚೆಗಷ್ಟೇ ದೃಷ್ಟಿ ಕಳೆದುಕೊಂಡಿದ್ದ ಹಿರಿಯರೊಬ್ಬರು ಒಪ್ಪಲಿಲ್ಲ. ಅವರು ಧೈರ್ಯ ಮಾಡಿ ಒಬ್ಬರೇ ಓಡಾಡಲು ಶುರು ಮಾಡಿದ್ದೇ ಆ ಕಟ್ಟಡದಲ್ಲಿ. 'ಅವರ ಕಷ್ಟ ನನಗೆ ಅರ್ಥ ಆಗುತ್ತೆ. ನನ್ನ ಕಷ್ಟ ಅವರಿಗೆ ಅರ್ಥ ಆಗ್ಬೇಕು ಅಂತ ನಾನು ಕೇಳಲ್ಲ. ನಾನು ಬರಲ್ಲ, ಅಷ್ಟೇ' ಅಂದರು. ಜಗಳ ಮಾಡಲಿಲ್ಲ. ಬರಲೂ ಇಲ್ಲ.

ಜಾಗ ಬದಲಿಸಿದೆವು. ಮುಂಗಡ ಹಣ ವಾಪಸ್ ಬರಲಿಲ್ಲ. ಅದರ ಭಾರವನ್ನು ಎಲ್ಲರ ಮೇಲೆ ಸಮನಾಗಿ ಹಾಕುವ ಮಾತು ಬಂತು. ಕೆಲವರು ಅದನ್ನು ಕಡ್ಡಿ ಮುರಿದ ಹಾಗೆ ವಿರೋಧಿಸಿದೆವು. ತಿಂಗಳ ಸಂಬಳ ಬರುವವರು ಮಾತ್ರ ಹಂಚಿಕೊಂಡೆವು. ನನಗೆ ಇದು ಬಹಳ ಮುಖ್ಯ. ಎಷ್ಟೋ ಸಲ ಬೆಂಬಲದ ನಿರ್ಧಾರ ಮಾಡುವವರು ಒಬ್ಬರು, ಅದರ ಬೆಲೆ ತೆರುವವರು ಇನ್ನೊಬ್ಬರು. ಘೋಷಣೆ ಕೂಗಿದವರಿಗೆ ಹೆಸರು ಬರುತ್ತದೆ, ಬಸ್ಸು ಬದಲಿಸಿ ನಡೆಯಬೇಕಾದವರು ಬೇರೆ ಯಾರೋ. ಹಣವನ್ನಾದರೂ ಹಂಚಿಕೊಳ್ಳಬಹುದು. ಆ ಹಿರಿಯರ ನಷ್ಟವನ್ನು ನಾವು ಯಾರೂ ಹಂಚಿಕೊಳ್ಳಲು ಆಗಲಿಲ್ಲ. ಅವರು ಬಾರದ್ದು ಮುಷ್ಕರಕ್ಕೆ ನಾವು ಕೊಟ್ಟ ಬೆಲೆ. ಅದನ್ನು ಕೊಟ್ಟವರು ಮಾತ್ರ ಅವರು. ಹೀಗೆ ಹೇಳಿದರೆ ನಮ್ಮ ಬಳಗದಲ್ಲಿ ಕೆಲವರಿಗೆ ಸಿಟ್ಟು ಬರುತ್ತದೆ. ಆದರೂ ಲೆಕ್ಕ ಅಂದರೆ ಲೆಕ್ಕವೇ.

ಇಲ್ಲಿ ಒಂದು ಮಾತು ಸೇರಿಸಬೇಕು. ನಮ್ಮವರ ಕೆಲಸ ನಿಲ್ಲಿಸಿದರೆ ಮಾತ್ರ ಬೆಂಬಲ ಅಂತ ಯಾರೂ ತಿಳಿಯಬೇಕಿಲ್ಲ. 1984ರಲ್ಲಿ ಬ್ರಿಟನ್ನಿನ ಗಣಿ ಕಾರ್ಮಿಕರು ಒಂದು ವರ್ಷದಷ್ಟು ಉದ್ದದ ಮುಷ್ಕರಕ್ಕೆ ಇಳಿದಾಗ ಲಂಡನ್ನಿನ ಸಲಿಂಗಿಗಳ ಗುಂಪೊಂದು ಡಬ್ಬಿ ಹಿಡಿದು ಅವರಿಗಾಗಿ ಹಣ ಎತ್ತಿತು. ಗಣಿಯವರು ನಮಗೇನು ಮಾಡಿದ್ದಾರೆ ಅಂತ ಅವರ ಜನರೇ ಕೇಳಿದರು. ಗುಂಪಿನವರು ತಮ್ಮ ಗುರುತು ಮುಚ್ಚಿಟ್ಟುಕೊಳ್ಳಲಿಲ್ಲ. ತಮ್ಮದೇ ಹೆಸರಿನ ಬ್ಯಾನರ್ ಹಿಡಿದೇ ವೇಲ್ಸ್‌ನ ಗಣಿ ಊರುಗಳಿಗೆ ಹೋದರು. ಮುಷ್ಕರ ಸೋತಿತು. ಆದರೆ 1985ರಲ್ಲಿ ಲಂಡನ್ನಿನ ಸಲಿಂಗಿಗಳ ಪ್ರೈಡ್ ಮೆರವಣಿಗೆಯಲ್ಲಿ ಗಣಿ ಊರಿನವರು ತಮ್ಮ ಬ್ಯಾನರ್ ಹಿಡಿದು ಜೊತೆಗೆ ನಡೆದರು.

ನಮ್ಮ ಕಟ್ಟಡದ ಮುಷ್ಕರಕ್ಕೆ ಅಂಥ ಭವ್ಯ ಕೊನೆಯೇನೂ ಸಿಗಲಿಲ್ಲ. ಬಾಕಿ ಸಂಬಳ ಬಂತು. ಗುತ್ತಿಗೆ ಪದ್ಧತಿ ಹಾಗೇ ಉಳಿಯಿತು. ಮುಂದಾಳು ಹೆಂಗಸಿಗೆ ಬೇರೆ ಕಡೆ ಕೆಲಸ ಹುಡುಕಿಕೊಳ್ಳಬೇಕಾಯಿತು. ನಮ್ಮಲ್ಲಿ ಆದ ಬದಲಾವಣೆ ಒಂದೇ. ಈಗ ಯಾವ ಜಾಗ ಕಾದಿರಿಸಿದರೂ ಕರಾರಿನಲ್ಲಿ ಒಂದು ಸಾಲು ಸೇರಿಸಿ ಅಂತ ಕೇಳುತ್ತೇವೆ: ಅಲ್ಲಿಯ ಕೆಲಸಗಾರರು ಮುಷ್ಕರದಲ್ಲಿದ್ದರೆ ನಾವು ಬೇರೆ ಕಡೆ ಹೋಗಬಹುದು, ಮುಂಗಡ ಪೂರ್ತಿ ವಾಪಸ್ ಕೊಡಬೇಕು. ಹೆಚ್ಚಿನ ಮ್ಯಾನೇಜರುಗಳು ಆ ಸಾಲು ಓದಿ ನಮ್ಮ ಮುಖ ನೋಡುತ್ತಾರೆ. ಒಬ್ಬರು ಒಪ್ಪಿದ್ದಾರೆ, ಆದರೆ ಅವರ ಜಾಗದಲ್ಲಿ ಲಿಫ್ಟ್ ಇಲ್ಲ. ಲಿಫ್ಟ್ ಮುಖ್ಯವೋ ಸಾಲು ಮುಖ್ಯವೋ ಅಂತ ಮುಂದಿನ ವಾರ ಸಭೆ ಇದೆ. ಈ ಸಲ ಆ ಹಿರಿಯರನ್ನೂ ಕರೆದಿದ್ದೇವೆ. ಬರುತ್ತೇನೆ ಅಂದಿದ್ದಾರೆ, ಆದರೆ ತಮ್ಮ ಮಾತು ಬದಲಾಗಿಲ್ಲ ಅಂತಲೂ ಮೊದಲೇ ಹೇಳಿದ್ದಾರೆ.